ರೈಟಿಂಗ್ ರಿಟ್ರೀಟ್‌ಗೆ ಹೊರಟಿದೀರಾ? ತಲೆಕೆಡಿಸ್ಕೊಳೋದನ್ನೆಲ್ಲ ಮನೇಲೇ ಮುಗಿಸ್ಕೊಂಡು ಹೋಗಿ

ಒಂದು ವಾರ ರಜೆ ಹಾಕಿ ತೀರ್ಥಹಳ್ಳಿ ಕಡೆನೋ ಸಾಗರದ ಕಡೆನೋ ಒಂದು ಹೋಮ್‌ಸ್ಟೇ ಬುಕ್ ಮಾಡಿ, ಈ ಸಲ ಕಾದಂಬರಿ ಮುಗಿಸ್ಕೊಂಡೇ ಬರ್ತೀನಿ ಅಂತ ಹೊರಡೋರು ಈಗ ಸುಮಾರು ಜನ ಇದಾರೆ, ಥೀಸಿಸ್ ಬರೆಯೋರೂ ಸೇರಿ. ವಾಪಸ್ ಬರುವಾಗ ಫೋನ್ ತುಂಬ ಮಂಜು, ತೋಟ, ಕಾಫಿ ಲೋಟದ ಫೋಟೋ ಇರತ್ತೆ, ಡ್ರಾಫ್ಟ್ ಮಾತ್ರ ಎಲ್ಲಿತ್ತೋ ಅಲ್ಲೇ. ಜಾಗ ಶಾಂತವಾಗಿದ್ರೆ ಅದೇ ಬರೆಸ್ಕೊಂಡು ಹೋಗತ್ತೆ ಅನ್ನೋ ನಂಬಿಕೆ ನಮಗೆ. ನಿಜವಾಗ್ಲೂ ಅಲ್ಲಿ ಟೈಮ್ ತಿನ್ನೋದು ಸಣ್ಣ ಸಣ್ಣ ತೀರ್ಮಾನಗಳು: ಇವತ್ತು ಯಾವ ಚಾಪ್ಟರ್, ಮೊದ್ಲು ಓದ್ಲಾ ಬರೀಲಾ, ಹಳೇದನ್ನ ತಿದ್ಲಾ, ಸ್ನಾನ ಈಗ್ಲಾ ಆಮೇಲಾ... ಇಷ್ಟ್ರಲ್ಲೇ ಮಧ್ಯಾಹ್ನ ಆಗಿರತ್ತೆ. ಹಾಗಾಗಿ ಹೊರಡೋಕೆ ಮುಂಚೆ ಒಂದು ಹಾಳೆ ಮೇಲೆ ದಿನಕ್ಕೊಂದರಂತೆ ಯಾವ ದಿನ ಯಾವ ಸೀನ್ ಅಂತ ಬರ್ಕೊಳಿ, "ಮೂರನೇ ಅಧ್ಯಾಯ" ಅಂತ ಬರೆದ್ರೆ ಸಾಲಲ್ಲ, "ಅತ್ತಿಗೆ ತವರಿಗೆ ಹೋಗ್ತೀನಿ ಅನ್ನೋ ಜಗಳ" ಅಂತ ಬರೀಬೇಕು, ಆಗ ಬೆಳಿಗ್ಗೆ ಎದ್ದು ಕೂತ ತಕ್ಷಣ ಕೈ ಓಡತ್ತೆ.

ಯಾವಾಗ ಹೋಗೋದು ಅನ್ನೋದೂ ಮುಖ್ಯ. ಮಳೆಗಾಲದ ಮಲೆನಾಡು ಅಂದ್ರೆ ಎಲ್ಲರಿಗೂ ಆಸೆ, ಆದ್ರೆ ಜುಲೈನಲ್ಲಿ ಲೈನ್ ಮೇಲೆ ಒಂದು ಮರ ಬಿತ್ತು ಅಂದ್ರೆ ಕರೆಂಟ್ ಯಾವಾಗ ಬರತ್ತೆ ಅಂತ ಯಾರೂ ಹೇಳೋಕಾಗಲ್ಲ, ಲ್ಯಾಪ್‌ಟಾಪ್ ಒಂದನ್ನೇ ನಂಬ್ಕೊಂಡು ಹೋದ್ರೆ ಕೆಟ್ರಿ. ಹೋಗೋದೇ ಆದ್ರೆ ಇನ್ವರ್ಟರ್ ಇದ್ಯಾ, ಅದು ಲ್ಯಾಪ್‌ಟಾಪ್ ಚಾರ್ಜ್ ಮಾಡೋಕೂ ಆಗತ್ತಾ ಬರೀ ಲೈಟಿಗಾ ಅಂತ ಫೋನಲ್ಲೇ ಕೇಳಿ, ಜೊತೆಗೆ ನೂರು ಪೇಜಿನ ಎರಡು ನೋಟ್‌ಬುಕ್ ಇಟ್ಕೊಳಿ. ನವೆಂಬರ್ ಆದ್ಮೇಲೆ ಇನ್ನೊಂದು ತಾಪತ್ರಯ, ಅಡಿಕೆ ಕೊಯ್ಲು. ಅಡಿಕೆ ಬೆಳೆಯೋ ಮನೆ ಆದ್ರೆ ರಾತ್ರಿ ಅಂಗಳದಲ್ಲಿ ಸುಲಿಯೋರು ಕೂತಿರ್ತಾರೆ, ಊರ ಸುದ್ದಿ ಎಲ್ಲಾ ಅಲ್ಲೇ ಬರತ್ತೆ, ಕಥೆ ಬರೆಯೋನಿಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ ಅಂತ ನೀವೂ ಹೋಗಿ ಕೂತ್ಕೊತೀರಿ, ಬೆಳಿಗ್ಗೆ ಏಳೋಕಾಗಲ್ಲ. (ಕೂರಲೇಬೇಡಿ ಅಂತ ಹೇಳೋಷ್ಟು ಕಟುಕ ನಾನಲ್ಲ, ಒಂದು ರಾತ್ರಿ ಕೂತ್ಕೊಳಿ.)

ಹೋದ ದಿನಾನೇ ಹೋಮ್‌ಸ್ಟೇ ಮನೆಯವರ ಹತ್ರ ನೇರವಾಗಿ ಮಾತಾಡ್ಕೊಂಡ್ಬಿಡಿ. ನಮ್ಮ ಕಡೆ ಉಪಚಾರ ಜಾಸ್ತಿ, ಒಬ್ರೇ ರೂಮಲ್ಲಿ ಕೂತಿದಾರೆ ಅಂದ್ರೆ ಪಾಪ ಬೇಜಾರಾಗಿರಬೇಕು ಅಂತ ಮಾತಾಡ್ಸೋಕೆ ಬರ್ತಾರೆ. "ಅಕ್ಕಾ, ತಿಂಡಿ ಹನ್ನೊಂದಕ್ಕೆ ಕೊಡಿ ಸಾಕು, ಬೆಳಿಗ್ಗೆ ಒಂದು ಫ್ಲಾಸ್ಕಲ್ಲಿ ಕಾಫಿ ಇಟ್ಬಿಡಿ, ಬಾಗಿಲು ಹಾಕಿದ್ರೆ ಬರೀತಿದೀನಿ ಅಂತ" ಅಂದ್ರೆ "ಅಯ್ಯೋ ಬಿಸಿ ಕಡುಬು ಆರೋಗತ್ತಲ್ಲ ಮಾರಾಯ್ರೇ" ಅಂತಾರೆ, ಆರಿದ ಕಡುಬನ್ನೇ ತಿನ್ನಿ, ಪರವಾಗಿಲ್ಲ. ಐದೂವರೆಯಿಂದ ಹನ್ನೊಂದು, ಇದೇ ನಿಮ್ಮ ದಿನ, ಉಳಿದಿದ್ದೆಲ್ಲ ಲೆಕ್ಕಕ್ಕಿಲ್ಲ ಅಂದ್ಕೊಳಿ. ಮಧ್ಯಾಹ್ನ ಒಂದೆಲಗದ ತಂಬುಳಿ, ಮಜ್ಜಿಗೆ ಹಾಕ್ಕೊಂಡು ಊಟ ಮಾಡಿ ಎಚ್ಚರ ಇರೋದು ನನ್ನ ಕೈಲಂತೂ ಆಗಲ್ಲ. ನಿದ್ದೆ ಜೊತೆ ಗುದ್ದಾಡೋ ಬದ್ಲು ಅರ್ಧ ಗಂಟೆ ಅಲಾರಾಂ ಇಟ್ಟು ಮಲಗಿ, ಎದ್ಮೇಲೆ ಟೈಪ್ ಮಾಡೋದು, ನಾಳೆ ಸೀನಿಗೆ ಪಾಯಿಂಟ್ಸ್ ಹಾಕ್ಕೊಳೋದು ಇಂಥ ಕೂಲಿ ಕೆಲಸ ಮಾಡಿ. ಸಂಜೆ ಒಂದು ವಾಕ್, ಮಳೆಗಾಲ ಆದ್ರೆ ಇಂಬಳಕ್ಕೆ ಉಪ್ಪು ಮರೀಬೇಡಿ.

ಟೈಮರ್ ವಿಷಯ. ಪೊಮೊಡೊರೊ ಎಲ್ಲರಿಗೂ ಗೊತ್ತಲ್ಲ, 1980ರ ದಶಕದ ಕೊನೇಲಿ ಫ್ರಾನ್ಚೆಸ್ಕೊ ಸಿರಿಲ್ಲೊ ಅನ್ನೋರು ಓದುವಾಗ ಟೊಮೇಟೊ ಆಕಾರದ ಅಡುಗೆಮನೆ ಟೈಮರ್ ಇಟ್ಕೊಂಡು ಶುರು ಮಾಡಿದ್ದು, 25 ನಿಮಿಷ ಕೆಲಸ 5 ನಿಮಿಷ ಬಿಡುವು. ಆಫೀಸ್ ಕೆಲಸಕ್ಕೆ ಸೂಪರ್, ಕಥೆಗೆ ನನಗೆ ಹೊಂದಲ್ಲ, ಪಾತ್ರ ಬಾಯಿ ಬಿಡೋಕೇ ಇಪ್ಪತ್ತು ನಿಮಿಷ ಬೇಕು, ಆಗ ಬೆಲ್ ಹೊಡಿಯತ್ತೆ. ಮೊದಲ್ನೇ ರೌಂಡ್ ಮಾತ್ರ 25 ಇಟ್ಕೊಳಿ, ಆಮೇಲೆ 50 ಇಲ್ಲಾ 90. ಹಾಗೇ ಪದಗಳ ಟಾರ್ಗೆಟ್. 1999ರಲ್ಲಿ ಅಮೆರಿಕದಲ್ಲಿ ಶುರುವಾದ ನ್ಯಾನೋರೈಮೋ (ಒಂದೇ ತಿಂಗಳಲ್ಲಿ ಕಾದಂಬರಿ ಬರೆಯೋ ಸವಾಲು, ಅದನ್ನ ನಡೆಸ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚಿತು) ಲೆಕ್ಕ ತಿಂಗಳಿಗೆ 50,000 ಪದ, ಅಂದ್ರೆ ದಿನಕ್ಕೆ 1,667, ಅದನ್ನೇ ಇಲ್ಲೂ ಹಿಡ್ಕೊಂಡು ಒದ್ದಾಡೋರಿದಾರೆ. ಕನ್ನಡದಲ್ಲಿ ವಿಭಕ್ತಿ ಗಿಭಕ್ತಿ ಎಲ್ಲಾ ಪದಕ್ಕೇ ಅಂಟ್ಕೊಂಡು ಬರೋದ್ರಿಂದ ಅಷ್ಟೇ ವಿಷಯ ಇನ್ನೂ ಕಮ್ಮಿ ಪದದಲ್ಲಿ ಮುಗಿಯತ್ತೆ, ಸಾವಿರ ಬಂದ್ರೆ ಒಳ್ಳೇ ದಿನ ಅಂತಾನೇ ಲೆಕ್ಕ.

ಎಲ್ಲಕ್ಕಿಂತ ದೊಡ್ಡ ಗುಂಡಿ ಇಂಟರ್ನೆಟ್ಟೂ ಅಲ್ಲ ರೀಲ್ಸೂ ಅಲ್ಲ, ರಿಸರ್ಚ್. ಯಾಕಂದ್ರೆ ಅದು ಕೆಲಸದ ವೇಷದಲ್ಲೇ ಬರತ್ತೆ. ಉದಾಹರಣೆಗೆ ಶರಾವತಿ ಮುಳುಗಡೆ ಬಗ್ಗೆ ಬರೀತಿದೀರ ಅನ್ಕೊಳಿ, ಲಿಂಗನಮಕ್ಕಿ ಡ್ಯಾಮ್ ಮುಗಿದಿದ್ದು ಯಾವಾಗ ಅಂತ ಡೌಟ್ ಬಂತು, ಹುಡುಕಿದ್ರೆ 1964 ಅಂತ ಒಂದು ನಿಮಿಷದಲ್ಲಿ ಸಿಗತ್ತೆ, ಆದ್ರೆ ಅಲ್ಲಿಗೆ ನಿಲ್ತೀರಾ? ಅದರ ಹಿನ್ನೀರಲ್ಲೇ ಹಳೇ ಹಿರೇಭಾಸ್ಕರ ಡ್ಯಾಮ್ ಮುಳುಗಿದೆ, ಬೇಸಿಗೇಲಿ ನೀರಿಳಿದಾಗ ಎದ್ದು ಕಾಣತ್ತೆ ಅಂತ ಗೊತ್ತಾಗತ್ತೆ, ಅದರ ಡ್ರೋನ್ ವಿಡಿಯೋ, ಅಲ್ಲಿಂದ ಜೋಗ, ಅಲ್ಲಿಂದ ಸಿಗಂದೂರು ಲಾಂಚು, ಬೆಳಗಿನ ಟೈಮ್ ಪೂರ್ತಿ ನೀರಲ್ಲಿ ಹೋಮ. ಇದಕ್ಕೆ ಸುಲಭದ ಉಪಾಯ, ಗೊತ್ತಿಲ್ಲದ ಜಾಗದಲ್ಲಿ ಎರಡು ಆ್ಯಟ್ ಚಿಹ್ನೆ ಒತ್ತಿ "@@ಡ್ಯಾಮ್ ವರ್ಷ" ಅಂತ ಹಾಕಿ ಮುಂದಕ್ಕೆ ಹೋಗ್ತಿರಿ, ಸಂಜೆ ಫೈಂಡ್ ಕೊಟ್ರೆ ಎಲ್ಲಾ ಸಾಲಾಗಿ ಬರತ್ತೆ. ತಲೇಲಿ ಬರೋ ಬೇರೆ ವಿಷಯಗಳಿಗೆ, ಗ್ಯಾಸ್ ಬುಕ್ ಮಾಡ್ಬೇಕು, ಚಿಕ್ಕಪ್ಪಂಗೆ ಫೋನ್ ಮಾಡ್ಬೇಕು ಇಂಥವಕ್ಕೆ, ಪಕ್ಕದಲ್ಲೊಂದು ಹಾಳೆ, ಬರೆದು ಬಿಟ್ಬಿಡಿ. ಫೋನ್ ಕೊಡೋಕೆ ಮನೇಲಿ ಇನ್ನೊಬ್ರಿದ್ರೆ ಅವರ ಕೈಗೇ ಕೊಡಿ.

ಮೂರನೇ ದಿನದ ಹೊತ್ತಿಗೆ ಬರೆದಿದ್ದೆಲ್ಲ ಕಸ ಅನ್ಸತ್ತೆ, ಬಸ್ ಟೈಮಿಂಗ್ ನೋಡೋಕೆ ಶುರು ಮಾಡ್ತೀರಿ. ಅವತ್ತು ಹಿಂದಿನದನ್ನ ಓದಲೇಬೇಡಿ, ನಿಮಗೆ ತುಂಬಾ ಖುಷಿ ಕೊಡೋ ಸೀನ್ ಯಾವುದೋ ಅದನ್ನ ಎತ್ಕೊಳಿ, ಕ್ರಮ ತಪ್ಪಿದ್ರೂ ಆಗತ್ತೆ. ದಿನಾ ನಿಲ್ಲಿಸುವಾಗ ಮುಂದಿನ ಸಾಲು ಗೊತ್ತಿರೋ ಕಡೆನೇ ನಿಲ್ಲಿಸಿ.

ಕೊನೇ ದಿನ ಹೊಸ ಚಾಪ್ಟರ್ ಬೇಡ. ಫೈಲ್ ಪೆನ್‌ಡ್ರೈವ್‌ಗೆ ಹಾಕಿ, ಸಿಗ್ನಲ್ ಸಿಕ್ಕ ಕಡೆ ನಿಮಗೇ ಮೇಲ್ ಮಾಡ್ಕೊಳಿ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ರೆ ಯೂನಿಕೋಡ್‌ಗೆ ಕನ್ವರ್ಟ್ ಮಾಡಿದ ಕಾಪಿನೂ ಇರ್ಲಿ, ಇಲ್ಲಾಂದ್ರೆ ಫೋನಲ್ಲಿ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಕಾಣತ್ತೆ. ನೋಟ್‌ಬುಕ್ಕಲ್ಲಿ ಬರೆದಿದ್ದಕ್ಕೆ ಪೇಜ್ ಪೇಜ್ ಫೋಟೋ ತೆಗೀರಿ. ಆಮೇಲೆ ಊರಿಗೆ ಬಂದ ಮೊದಲ್ನೇ ಸೋಮವಾರ ಯಾವ ಸೀನ್ ಬರೀತೀರಿ ಅಂತ ಅಲ್ಲೇ ಕೂತು ಬರೆದಿಡಿ, ಆಫೀಸ್ ಶುರುವಾದ್ಮೇಲೆ ಅದನ್ನ ಯೋಚನೆ ಮಾಡೋಕೆ ಪುರುಸೊತ್ತಿರಲ್ಲ.