ಟ್ರೈಲರ್ ಎಳೆಯುವ ಗಾಡಿ ಏರಿನಲ್ಲಿ ಕುದಿಯದಿರಲು ಏನು ಮಾಡಬೇಕು?

ಫೆಬ್ರುವರಿ ಬಂತೆಂದರೆ ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಲ್ಲಿ ರೋಬಸ್ಟಾ ಕಾಫಿ ಗಿಡಕ್ಕೆ ಹೂವಿನ ನೀರು (ಹೂ ಅರಳಲು ಹಾಯಿಸುವ ನೀರು) ಹೊಡೆಯುವ ಗಡಿಬಿಡಿ. ಡೀಸೆಲ್ ಪಂಪ್‌ಸೆಟ್ಟನ್ನೂ ಸ್ಪ್ರಿಂಕ್ಲರ್ ಪೈಪುಗಳನ್ನೂ ಟ್ರೈಲರ್‌ಗೆ ಹೇರಿ, ಒಂದು ಕೆರೆಯ ದಂಡೆಯಿಂದ ಇನ್ನೊಂದಕ್ಕೆ ಜೀಪೋ ಪಿಕಪ್ಪೋ ಎಳೆಯಬೇಕು. ಹಾದಿ ಏರು, ಗಾಡಿ ಮೊದಲನೇ ಗೇರಿನಲ್ಲಿ, ವೇಗ ನಡೆದುಹೋಗುವವನಿಗಿಂತ ತುಸು ಹೆಚ್ಚು. ಓಡುವ ಗಾಡಿಗೆ ಸಿಗುವ ಎದುರುಗಾಳಿ ಇಲ್ಲಿ ಸಿಗುವುದಿಲ್ಲ. ಡೀಸೆಲ್ಲಿನಲ್ಲಿರುವ ಶಕ್ತಿಯ ಸುಮಾರು ಮೂರನೇ ಒಂದು ಪಾಲು ಶಾಖವಾಗಿ ಕೂಲೆಂಟಿಗೆ, ಅಂದರೆ ಎಂಜಿನ್ ತಣಿಸುವ ದ್ರವಕ್ಕೆ, ಇಳಿಯುತ್ತದೆ. ಎಂಜಿನ್ ಹೆಚ್ಚು ದುಡಿದಷ್ಟೂ ಆ ಶಾಖದ ಮೊತ್ತ ಬೆಳೆಯುತ್ತದೆ, ಅದನ್ನು ಹೊರಹಾಕುವ ಗಾಳಿ ಮಾತ್ರ ಬೆಳೆಯುವುದಿಲ್ಲ. ಹಾಗಾಗಿಯೇ ವರ್ಷವಿಡೀ ತಣ್ಣಗೆ ಓಡಿದ ಗಾಡಿ ಈ ದಿನಗಳಲ್ಲಿ ಬಾನೆಟ್ ಸಂದಿಯಿಂದ ಹಬೆ ಬಿಡುತ್ತದೆ.

ಆಗ ಸಿಗುವ ಸಲಹೆಗಳು ಎರಡು: ದೊಡ್ಡ ರೇಡಿಯೇಟರ್ ಹಾಕಿಸಿ, ಇಲ್ಲವೇ ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತು ಬಿಸಾಡಿ. ಮೊದಲನೆಯದು ಕಟ್ಟಕಡೆಗೆ ಮಾಡಬೇಕಾದ ಕೆಲಸ, ಎರಡನೆಯದು ಮಾಡಲೇಬಾರದ ಕೆಲಸ. ನಡುವೆ ಇರುವ ಅಗ್ಗದ ಹೆಜ್ಜೆಗಳಲ್ಲೇ ಬಹಳಷ್ಟು ಗಾಡಿಗಳು ಸರಿಹೋಗುತ್ತವೆ.

ಮೊದಲು ಅಳೆಯಿರಿ

ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಕೂರಬೇಡಿ. ಎಷ್ಟೋ ಗಾಡಿಗಳಲ್ಲಿ ಅದು ಸಾಕಷ್ಟು ಏರಿಳಿತವನ್ನು ನುಂಗಿಕೊಂಡು ನಡುವೆಯೇ ನಿಂತಿರುತ್ತದೆ. ಅಲ್ಲಾಡುವ ಹೊತ್ತಿಗೆ ತಡವಾಗಿರುತ್ತದೆ. ಈಚಿನ ಗಾಡಿಯಾದರೆ ಸ್ಟೀರಿಂಗ್ ಕೆಳಗಿನ ಓಬಿಡಿ (ಗಾಡಿಯ ದೋಷ ಪತ್ತೆಗೆಂದು ಕೊಟ್ಟಿರುವ) ಸಾಕೆಟ್ಟಿಗೆ ಚಿಕ್ಕ ಬ್ಲೂಟೂತ್ ರೀಡರ್ ಚುಚ್ಚಿದರೆ ಕೂಲೆಂಟಿನ ಶಾಖ ಡಿಗ್ರಿ ಲೆಕ್ಕದಲ್ಲಿ ಮೊಬೈಲಿಗೆ ಬರುತ್ತದೆ. ಹಳೆಯ ಜೀಪಿಗೆ ಪ್ರತ್ಯೇಕ ಮೀಟರ್ ಕೂರಿಸಿ, ಅದರ ಸೆನ್ಸರನ್ನು ಮೇಲಿನ ಹೋಸ್ ಪೈಪಿನಲ್ಲಿ ಹಾಕಿಸಬಹುದು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಥರ್ಮಾಮೀಟರ್ ಮನೆಯಲ್ಲಿದ್ದರೆ ಅದನ್ನು ತರಬೇಡಿ. ಅದು ಜ್ವರದ ಮಟ್ಟದಾಚೆ ಓದುವುದಿಲ್ಲ. ಯಂತ್ರಗಳಿಗೆಂದೇ ಬರುವ ಗನ್ ಬೇಕು.

ಗಾಡಿ ಯಾವಾಗ ಬಿಸಿಯಾಗುತ್ತದೆ ಎನ್ನುವುದನ್ನೂ ಗಮನಿಸಿ. ನಿಧಾನವಾಗಿ ಹೋಗುವಾಗ, ನಿಂತಾಗ ಮಾತ್ರ ಶಾಖ ಏರಿ, ಹೆದ್ದಾರಿಯಲ್ಲಿ ಓಡಿದರೆ ಇಳಿಯುತ್ತದೆಯೇ? ಹಾಗಾದರೆ ಕೊರತೆ ಗಾಳಿಯದು, ಫ್ಯಾನಿನ ಕಡೆ ನೋಡಿ. ಓಡಿದಷ್ಟೂ ಏರುತ್ತದೆಯೇ? ನೀರಿನ ಓಟದಲ್ಲಿ ಅಡ್ಡಿ ಇದೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಇಲ್ಲವೇ ಕೆಳಗಿನ ಹೋಸ್ ಪೈಪು ಮೆತ್ತಗಾಗಿ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿದೆ. ಬೆಳಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ಬಿಡದೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹೋಗಿರುವ ಅನುಮಾನ. ಅದು ಸರಿಯಾಗುವ ತನಕ ಮುಂದಿನ ಯಾವ ಖರ್ಚೂ ದಂಡ.

ಗಾಳಿಯ ದಾರಿ

ಎ.ಸಿ. ಇರುವ ಗಾಡಿಯಲ್ಲಿ ರೇಡಿಯೇಟರ್ ಮುಂದೆ ಎ.ಸಿ.ಯ ಶಾಖ ಹೊರಹಾಕುವ ಕಂಡೆನ್ಸರ್ ಇರುತ್ತದೆ. ಇವೆರಡರ ನಡುವಿನ ಸಂದಿಯನ್ನು ಟಾರ್ಚ್ ಹಿಡಿದು ನೋಡಿದವರು ಕಡಿಮೆ. ತೋಟದ ಕೆಂಪು ಧೂಳು, ಸಿಲ್ವರ್ ಓಕ್ ಮರದ ತರಗೆಲೆ, ಹುಲ್ಲಿನ ಬೀಜ, ಸತ್ತ ಹುಳುಗಳೆಲ್ಲ ಅಲ್ಲಿ ಕಂಬಳಿಯಂತೆ ಹಾಸಿಕೊಂಡಿರುತ್ತವೆ. ಮುಂದಿನಿಂದ ನೀರು ಹೊಡೆದರೆ ಕಸ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆತ್ತನೆಯ ಧಾರೆಯಲ್ಲಿ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರಾದ ಪಂಪ್ ಬೇಡವೇ ಬೇಡ, ತೆಳ್ಳನೆಯ ಫಿನ್‌ಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರ್ ಇದೆಯೇ ನೋಡಿ. ರಿಪೇರಿಗೆ ಬಿಚ್ಚಿದವರು ಮತ್ತೆ ಹಾಕದೆ ಬಿಟ್ಟ ಹಳೆಯ ಗಾಡಿಗಳು ಬೇಕಾದಷ್ಟಿವೆ. ಕವರ್ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಹೊಸ ಗಾಳಿ ಎಳೆಯುವ ಬದಲು ಎಂಜಿನ್ ಸುತ್ತಲಿನ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಬೆಲ್ಟಿನಿಂದ ತಿರುಗುವ ಫ್ಯಾನಾದರೆ ಅದರ ನಡುವೆ ವಿಸ್ಕಸ್ ಕ್ಲಚ್ ಇರಬಹುದು. ಒಳಗಿನ ಸಿಲಿಕೋನ್ ಎಣ್ಣೆ ಸೋರಿದರೆ ಬಿಸಿಯಾದಾಗಲೂ ಫ್ಯಾನ್ ಬಿಗಿಯಾಗಿ ಹಿಡಿಯುವುದಿಲ್ಲ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿ. ತಡೆ ಕೊಡದೆ ಸಲೀಸಾಗಿ ಸುತ್ತುತ್ತಲೇ ಇದ್ದರೆ ಕ್ಲಚ್ ಬದಲಿಸುವ ಕಾಲ ಬಂದಿದೆ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಲ್ಲಿ ಈ ಪರೀಕ್ಷೆಗೆ ಕೈ ಹಾಕಬೇಡಿ, ಎಂಜಿನ್ ನಿಂತ ಮೇಲೂ ಅದು ತಾನಾಗಿ ತಿರುಗಬಹುದು.

ಮುಂದೆ ಕಬ್ಬಿಣದ ಬುಲ್ ಬಾರ್, ಅದರ ಮೇಲೊಂದು ಸಾಲು ಲೈಟು ಕಟ್ಟಿಕೊಂಡವರು ಅವನ್ನು ಬಿಚ್ಚಿದರೆ ಗಾಳಿಗೂ ಒಳ್ಳೆಯದು, ಕಾನೂನಿಗೂ ಒಳ್ಳೆಯದು. ಬುಲ್ ಬಾರ್ ಮೋಟಾರು ವಾಹನ ಕಾಯ್ದೆಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ.

ಕ್ಯಾಪ್ ಎಂಬ ಚಿಕ್ಕ ವಸ್ತು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಕೊಟ್ಟ ಕಾಸಿಗೆ ಅತಿ ಹೆಚ್ಚು ಫಲ ಕೊಡುವುದು ರೇಡಿಯೇಟರ್ ಕ್ಯಾಪ್. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರ ಏರಿದಂತೆ ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಸಾವಿರ ಮೀಟರ್ ಆಸುಪಾಸಿನಲ್ಲಿರುವ ಚಿಕ್ಕಮಗಳೂರು, ಹಾಸನದಲ್ಲಿ ತೆರೆದ ಪಾತ್ರೆಯ ನೀರು 96–97 ಡಿಗ್ರಿಗೇ ಕುದಿ ಬರುತ್ತದೆ. ಭಾರ ಎಳೆಯುವ ಎಂಜಿನ್ನಿನ ಕೂಲೆಂಟ್ ಸಹಜವಾಗಿಯೇ ಆ ಶಾಖವನ್ನು ಮುಟ್ಟುತ್ತದೆ, ದಾಟುತ್ತದೆ. ಆದರೂ ಕುದಿಯದಿರುವುದಕ್ಕೆ ಕಾರಣ ಕ್ಯಾಪಿನ ಸ್ಪ್ರಿಂಗು ಹಿಡಿದಿಟ್ಟ ಒತ್ತಡ. 0.9 ಎಂದು ಬರೆದ ಕ್ಯಾಪ್ ಸರಿಯಾಗಿದ್ದರೆ ನಮ್ಮ ಎತ್ತರದಲ್ಲೂ ಬರೀ ನೀರು ಕುದಿಯಲು ಸುಮಾರು 117 ಡಿಗ್ರಿ ಬೇಕು. ಅದರ ರಬ್ಬರ್ ಸೀಳಿತೋ, ಆ 20 ಡಿಗ್ರಿಯ ರಕ್ಷಣೆ ಹೋಯಿತು.

ಶಿರಾಡಿ ಘಾಟಿಯಲ್ಲಿ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಗುಂಡ್ಯದ ಸೆಕೆಯಲ್ಲಿ ಏರು ಶುರು, ರೇಡಿಯೇಟರಿಗೆ ಸಿಗುವುದು ಬಿಸಿ ಗಾಳಿ. ಮಾರನಹಳ್ಳಿ ಹತ್ತಿರವಾಗುತ್ತ ಗಾಳಿ ತಂಪಾಗುತ್ತದೆ ನಿಜ, ಆದರೆ ಅಷ್ಟರಲ್ಲಿ ಎಂಜಿನ್ ಕಾದಿರುತ್ತದೆ, ಕುದಿಯುವ ಬಿಂದುವೂ ಕೆಳಗಿಳಿದಿರುತ್ತದೆ. ಕೊಟ್ಟಿಗೆಹಾರಕ್ಕೆ ಹತ್ತುವ ಚಾರ್ಮಾಡಿಯದೂ ಇದೇ ಕಥೆ.

ಕ್ಯಾಪನ್ನು ತಣ್ಣಗಿದ್ದಾಗ ಮಾತ್ರ ತೆಗೆದು ನೋಡಿ. ರಬ್ಬರ್ ಗಟ್ಟಿಯಾಗಿದ್ದರೆ, ತುಕ್ಕು ಹಿಡಿದಿದ್ದರೆ ಬದಲಿಸಿ. ರಾತ್ರಿ ತಣಿದ ಮೇಲೆ ಮೇಲಿನ ಹೋಸ್ ಪೈಪು ಒಳಕ್ಕೆ ಕುಸಿದಿದ್ದರೆ ಕ್ಯಾಪಿನ ನಡುವಿನ ಚಿಕ್ಕ ವಾಲ್ವ್ ಸಿಕ್ಕಿಕೊಂಡಿದೆ ಎಂದು ಅರ್ಥ. ಹೊಸದು ತರುವಾಗ ಹಳೆಯದರ ಮೇಲಿನ ಸಂಖ್ಯೆಯದನ್ನೇ ತನ್ನಿ. 'ಹೆಚ್ಚು ಒತ್ತಡದ್ದು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ' ಎಂದು ಕೇಳುವವರಿದ್ದಾರೆ. ಅಲ್ಲ. ಒತ್ತಡ ತಡೆಯಲಾರದೆ ಹಳೆಯ ಹೋಸೋ ಪ್ಲಾಸ್ಟಿಕ್ ಟ್ಯಾಂಕೋ ನಡುದಾರಿಯಲ್ಲಿ ಬಿರಿಯುತ್ತದೆ.

ಥರ್ಮೋಸ್ಟಾಟ್ ಇರಲಿ, ನೀರು ಬದಲಿಸಿ

ಥರ್ಮೋಸ್ಟಾಟ್ ತೆಗೆದರೆ ನೀರು ಸದಾ ಹರಿಯುತ್ತದೆ ಎಂಬ ವಾದ ಕೇಳಲು ಸರಿ ಎನ್ನಿಸುತ್ತದೆ. ಆದರೆ ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಒಂದಷ್ಟು ಬಿಸಿ ನೀರು ರೇಡಿಯೇಟರನ್ನು ನೋಡದೆಯೇ ಎಂಜಿನ್ನಿಗೆ ವಾಪಸಾಗುತ್ತದೆ. ಏರಿನಲ್ಲಿ ಬಿಸಿ ಹೆಚ್ಚುತ್ತದೆ, ಮಲೆನಾಡಿನ ಡಿಸೆಂಬರ್ ಬೆಳಗುಗಳಲ್ಲಿ ಎಂಜಿನ್ ಕಾಯದೆ ಡೀಸೆಲ್ ಕುಡಿಯುತ್ತದೆ. ಅನುಮಾನವಿದ್ದರೆ ಅದನ್ನು ಬಿಚ್ಚಿ ಒಲೆಯ ಮೇಲೆ ನೀರಿನಲ್ಲಿಟ್ಟು ಕಾಯಿಸಿ. 82 ಡಿಗ್ರಿ ಎಂದು ಅದರ ಮೇಲೆ ಕೊರೆದಿದ್ದರೆ ಆ ಶಾಖದಲ್ಲಿ ಬಾಯಿ ತೆರೆಯಲು ಶುರುವಾಗಬೇಕು. ತೆರೆಯದಿದ್ದರೆ ಅದೇ ಡಿಗ್ರಿಯ ಹೊಸದು ಹಾಕಿ.

ಇನ್ನು ನೀರು. ಅರಸೀಕೆರೆ, ಕಡೂರು ಕಡೆಯವರಿಗೆ ಬೋರ್‌ವೆಲ್ ನೀರಿನ ಗಡಸುತನ ಹೇಳಿಕೊಡಬೇಕಿಲ್ಲ. ಪಾತ್ರೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಕಿಟ್ಟ ರೇಡಿಯೇಟರ್ ಕೊಳವೆಯಲ್ಲೂ ಕಟ್ಟುತ್ತದೆ. ಹಳೆಯ ನೀರನ್ನು ಪೂರ್ತಿ ಇಳಿಸಿ, ಸ್ವಚ್ಛ ನೀರು ಬರುವ ತನಕ ತೊಳೆದು, ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿ ತುಂಬಿ. ಪ್ರಮಾಣ ಗಾಡಿಯ ಪುಸ್ತಕದಲ್ಲಿರುತ್ತದೆ. ಅರ್ಧಕ್ಕರ್ಧ ದಾಟುವುದು ಬೇಡ. ಶಾಖ ಹೊರುವುದರಲ್ಲಿ ನೀರೇ ಮೇಲು, ಕೂಲೆಂಟ್ ಹೆಚ್ಚಾದಷ್ಟೂ ಮಿಶ್ರಣ ಮಂದವಾಗುತ್ತದೆ. ಬರೀ ನೀರೂ ಸಲ್ಲ, ತುಕ್ಕು ತಡೆಯುವ ರಾಸಾಯನಿಕ ಇರುವುದು ಕೂಲೆಂಟಿನಲ್ಲೇ. ಬಣ್ಣ ಒಂದೇ ಇದೆಯೆಂದು ಎರಡು ಕಂಪನಿಯದನ್ನು ಬೆರೆಸಬೇಡಿ, ಬಣ್ಣಕ್ಕೂ ಗುಣಕ್ಕೂ ಖಚಿತ ನಂಟಿಲ್ಲ. ಇಳಿಸಿದ ಹಳೆಯ ಕೂಲೆಂಟ್ ಸಿಹಿ ರುಚಿಯ ವಿಷ. ಅಂಗಳದಲ್ಲಿ ಚೆಲ್ಲಿದರೆ ನಾಯಿ ನೆಕ್ಕಿ ಸಾಯಬಹುದು, ಹಳ್ಳಕ್ಕಂತೂ ಬಿಡಲೇಬಾರದು.

ತುಂಬುವಾಗ ಗಾಡಿಯ ಮೂತಿ ಏರಿನ ಕಡೆಗಿರಲಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಹೋಸನ್ನು ಆಗಾಗ ಹಿಸುಕಿ. ಒಳಗೆ ಸಿಕ್ಕ ಗಾಳಿ ಗುಳುಗುಳು ಎಂದು ಹೊರಬೀಳುತ್ತದೆ.

ಈಗ ಬೇಕಾದರೆ ದೊಡ್ಡ ರೇಡಿಯೇಟರ್

ಇಷ್ಟಾದ ಮೇಲೂ ಭಾರದ ಏರಿನಲ್ಲಿ ಶಾಖ 105 ದಾಟಿ ಏರುತ್ತಲೇ ಇದ್ದರೆ ಆಗ ದೊಡ್ಡ ಖರ್ಚಿನ ಮಾತು. ತಾಮ್ರ–ಹಿತ್ತಾಳೆಯ ಹಳೆಯ ರೇಡಿಯೇಟರಾದರೆ ರೇಡಿಯೇಟರ್ ಅಂಗಡಿಯವರು ಟ್ಯಾಂಕ್ ಬಿಚ್ಚಿ, ಎರಡು ಸಾಲು ಕೊಳವೆಯ ಕೋರ್ ಜಾಗದಲ್ಲಿ ಮೂರು ಸಾಲಿನದು ಬೆಸೆದು ಕೊಡಬಲ್ಲರು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಈ ಬೆಸುಗೆ ಆಗದು, ಇಡಿಯಾಗಿ ಬದಲಿಸಬೇಕು. ದಪ್ಪಕ್ಕಿಂತ ಅಗಲ ಒಳ್ಳೆಯದು. ದಪ್ಪ ಕೋರಿನ ಹಿಂದಿನ ಸಾಲಿಗೆ ಮುಂದಿನ ಸಾಲು ಕಾಯಿಸಿದ ಗಾಳಿಯೇ ಸಿಗುತ್ತದೆ, ಗಾಳಿ ತೂರುವುದೂ ಕಷ್ಟ. ಕೂರಿಸಿದ ಮೇಲೆ ಫ್ಯಾನಿಗೂ ಕೋರಿಗೂ ನಡುವೆ ಒಂದೆರಡು ಬೆರಳಿನ ಜಾಗವಾದರೂ ಉಳಿಯಬೇಕು. ತೋಟದ ಗುಂಡಿಯಲ್ಲಿ ಎಂಜಿನ್ ಕುಲುಕಿದಾಗ ಫ್ಯಾನಿನ ಎಲೆ ಹೋಗಿ ತಾಗಿದರೆ ಹೊಸ ರೇಡಿಯೇಟರ್ ಅಂದೇ ತೂತು.

ಹೆಚ್ಚುವರಿ ಎಲೆಕ್ಟ್ರಿಕ್ ಫ್ಯಾನ್ ಹಾಕುವವರು ರಿಲೇ, ಫ್ಯೂಸ್ ಇಲ್ಲದೆ ವೈರ್ ಎಳೆಸಬೇಡಿ. ಆಟೊಮ್ಯಾಟಿಕ್ ಗೇರಿನ ಗಾಡಿಯಲ್ಲಿ ಟ್ರೈಲರ್ ಎಳೆಯುವುದಾದರೆ ಗೇರ್‌ಬಾಕ್ಸ್ ಆಯಿಲಿಗೆ ಪ್ರತ್ಯೇಕ ಕೂಲರ್ ಹಾಕಿಸುವ ಬಗ್ಗೆ ಕಂಪನಿಯ ವರ್ಕ್‌ಶಾಪಿನಲ್ಲಿ ವಿಚಾರಿಸಿ. ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ನಿಧಾನದ ಏರಿನಲ್ಲಿ ವಿಪರೀತ ಕಾಯುತ್ತದೆ. ವಾರಂಟಿ ಇರುವ ಗಾಡಿಗೆ ಹೊರಗಿನ ಭಾಗ ಹಾಕಿಸುವ ಮುನ್ನವೂ ಅಲ್ಲೇ ಕೇಳಿ.

ಏರಿನಲ್ಲಿ

ಎಳೆಯಬಹುದಾದ ತೂಕ ಗಾಡಿಯ ಪುಸ್ತಕದಲ್ಲಿದೆ. ಅದನ್ನು ಮೀರಿದರೆ ಯಾವ ರೇಡಿಯೇಟರೂ ಕಾಪಾಡದು. ಹೊರಡುವ ಮುನ್ನ ಟ್ರೈಲರಿನ ಟೈರಿಗೆ ಗಾಳಿ ನೋಡಿ. ಸ್ವಲ್ಪ ದೂರ ಹೋಗಿ ಚಕ್ರದ ಹಬ್ ಮುಟ್ಟಿ ನೋಡಿ, ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗೋ ಬ್ರೇಕೋ ಹಿಡಿದಿದೆ, ಎಂಜಿನ್ ಸುಮ್ಮನೆ ಅದನ್ನೂ ಎಳೆಯುತ್ತಿದೆ.

ಮೇಲಿನ ಗೇರಿನಲ್ಲಿ ಎಂಜಿನ್ ಮುಲುಗುತ್ತಿದ್ದರೆ ತಡಮಾಡದೆ ಕೆಳಗಿನ ಗೇರಿಗೆ ಬನ್ನಿ. ಎಂಜಿನ್ ಸುತ್ತು ಹೆಚ್ಚಿದರೆ ವಾಟರ್ ಪಂಪೂ ಬೆಲ್ಟಿನ ಫ್ಯಾನೂ ಜೋರಾಗಿ ತಿರುಗುತ್ತವೆ. ಎ.ಸಿ. ಆಫ್ ಮಾಡಿ. ಶಾಖ ಇನ್ನೂ ಏರಿದರೆ ಸೆಕೆಯನ್ನು ಸಹಿಸಿಕೊಂಡು ಹೀಟರ್ ಹಾಕಿ, ಅದೂ ಒಂದು ಚಿಕ್ಕ ರೇಡಿಯೇಟರೇ. ಆಮೇಲೂ ಇಳಿಯದಿದ್ದರೆ ತಿರುವು ಬಿಟ್ಟು ಅಗಲ ಜಾಗದಲ್ಲಿ ನಿಲ್ಲಿಸಿ, ಗಾಡಿಗೂ ಟ್ರೈಲರಿಗೂ ಚಕ್ರಕ್ಕೆ ಕಲ್ಲು ಕೊಡಿ. ಹಬೆಯೂ ಸೋರಿಕೆಯೂ ಇಲ್ಲದಿದ್ದರೆ ಎಂಜಿನ್ ನ್ಯೂಟ್ರಲ್‌ನಲ್ಲಿ ಓಡುತ್ತಿರಲಿ, ಇದ್ದರೆ ತಕ್ಷಣ ಆಫ್ ಮಾಡಿ. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಕ್ಯಾಪ್ ಬರಿಗೈಗೆ ಬಿಸಿ ತಾಗದಷ್ಟು ತಣಿಯುವ ತನಕ ಅದರ ತಂಟೆಗೆ ಹೋಗಬೇಡಿ.

ಕೆಲಸ ಮಾಡಿಸಿದ ಗಾಡಿಯಲ್ಲಿ ಮೊದಲ ಸಲ ಭಾರ ಎಳೆದ ಮರುದಿನ ಬೆಳಗ್ಗೆ, ತಣ್ಣಗಿರುವಾಗ, ಕೂಲೆಂಟ್ ಮಟ್ಟ ನೋಡಿ. ಒಳಗುಳಿದ ಗಾಳಿ ಹೊರಬಂದು ಮಟ್ಟ ಸ್ವಲ್ಪ ಇಳಿದಿರುವುದು ಸಹಜ, ಅಷ್ಟನ್ನು ತುಂಬಿ ಹೋಸ್ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿಮಾಡಿ. ಮೂರನೇ ದಿನವೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಗಾಡಿಯ ಕೆಳಗೆ ರಟ್ಟು ಹಾಸಿಟ್ಟು ರಾತ್ರಿ ಬಿಡಿ, ಹನಿ ಬಿದ್ದ ಜಾಗ ನೋಡಿದರೆ ಸೋರುತ್ತಿರುವುದು ಪಂಪೋ ಪೈಪೋ ತಿಳಿಯುತ್ತದೆ.