ಎಡಬ್ಲ್ಯೂಎಸ್ ಖಾತೆಯ ಚಟುವಟಿಕೆಯನ್ನು ಕಮಾಂಡ್ ಲೈನ್‌ನಿಂದ ಗಮನಿಸುವ ಬಗೆ

ಅಮೆಜಾನ್ ವೆಬ್ ಸರ್ವೀಸಸ್‌ನಲ್ಲಿ (ಎಡಬ್ಲ್ಯೂಎಸ್) ಸರ್ವರ್ ಇಟ್ಟುಕೊಂಡ ಹಲವರಿಗೆ ತಮ್ಮ ಖಾತೆಯೊಳಗೆ ಬೇರೆ ಯಾರೋ ಓಡಾಡಿದ್ದು ತಿಳಿಯುವುದು ತಿಂಗಳ ಬಿಲ್ ಕೈಗೆ ಬಂದ ಮೇಲೆ. ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ಯಾರು, ಯಾವಾಗ, ಯಾವ ಐಪಿ ವಿಳಾಸದಿಂದ, ಏನು ಮಾಡಿದರು ಎಂಬುದನ್ನು ಕ್ಲೌಡ್‌ಟ್ರೇಲ್ ಎಂಬ ಸೇವೆ ದಾಖಲಿಸುತ್ತಲೇ ಇರುತ್ತದೆ. ಅದರ ಇವೆಂಟ್ ಹಿಸ್ಟರಿಯಲ್ಲಿ ಕಳೆದ 90 ದಿನಗಳ ನಿರ್ವಹಣಾ ದಾಖಲೆಗಳು, ನೀವು ಮೊದಲೇ ಏನನ್ನೂ ಚಾಲೂ ಮಾಡಿರದಿದ್ದರೂ, ಉಚಿತವಾಗಿ ದೊರೆಯುತ್ತವೆ. ಬ್ರೌಸರ್‌ನಲ್ಲಿಯೂ ಇವನ್ನು ನೋಡಬಹುದು. ಆದರೆ ಟರ್ಮಿನಲ್‌ನಲ್ಲಿ ಒಮ್ಮೆ ಸರಿಯಾಗಿ ಕೇಳಿದ ಪ್ರಶ್ನೆಯನ್ನು ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟು ಪ್ರತಿದಿನವೂ ಅದೇ ರೀತಿಯಲ್ಲಿ ಕೇಳಬಹುದಾದ್ದರಿಂದ, ನಿಯಮಿತವಾಗಿ ಗಮನಿಸಬೇಕೆನ್ನುವವರಿಗೆ ಕಮಾಂಡ್ ಲೈನ್ ದಾರಿಯೇ ಮೇಲು.

ಟರ್ಮಿನಲ್‌ನಿಂದ ಎಡಬ್ಲ್ಯೂಎಸ್‌ಗೆ ಕಮಾಂಡ್ ಕೊಡುವ ಪ್ರೋಗ್ರಾಮ್ ಆದ ಎಡಬ್ಲ್ಯೂಎಸ್ ಸಿಎಲ್‌ಐ ಅನ್ನು ಇನ್‌ಸ್ಟಾಲ್ ಮಾಡಿಕೊಂಡ ಮೇಲೆ ಮೊದಲು ಕೊಡಬೇಕಾದ ಕಮಾಂಡ್ ‘ಎಡಬ್ಲ್ಯೂಎಸ್ ಎಸ್‌ಟಿಎಸ್ ಗೆಟ್-ಕಾಲರ್-ಐಡೆಂಟಿಟಿ’. ನೀವು ಈಗ ಯಾವ ಖಾತೆಯಲ್ಲಿ, ಯಾವ ಬಳಕೆದಾರರಾಗಿ ನಿಂತಿದ್ದೀರಿ ಎಂಬುದನ್ನು ಅದು ತೋರಿಸುತ್ತದೆ. ಎರಡು ಮೂರು ಖಾತೆಗಳಿರುವ ಸಂಸ್ಥೆಗಳಲ್ಲಿ ಬೇರೊಂದು ಖಾತೆಯ ದಾಖಲೆಯನ್ನು ನೋಡಿ ಸಮಾಧಾನಪಟ್ಟುಕೊಳ್ಳುವ ಅಪಾಯ ಇದರಿಂದ ತಪ್ಪುತ್ತದೆ. ಈ ಕೆಲಸಕ್ಕೆ ಖಾತೆಯ ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರರ ಆಕ್ಸೆಸ್ ಕೀ (ಪ್ರೋಗ್ರಾಮ್‌ಗಳು ಖಾತೆಯೊಳಗೆ ಹೋಗಲು ತೋರಿಸುವ ಗುರುತು) ಬಳಸಬೇಡಿ. ಓದುವ ಅನುಮತಿ ಮಾತ್ರವಿರುವ ಪ್ರತ್ಯೇಕ ಗುರುತೊಂದನ್ನು ರಚಿಸಿಕೊಳ್ಳಿ.

ದಾಖಲೆಗಳನ್ನು ತೆಗೆಯುವ ಕಮಾಂಡ್ ‘ಎಡಬ್ಲ್ಯೂಎಸ್ ಕ್ಲೌಡ್‌ಟ್ರೇಲ್ ಲುಕಪ್-ಇವೆಂಟ್ಸ್’. ಇದಕ್ಕೆ ‘ಲುಕಪ್-ಆಟ್ರಿಬ್ಯೂಟ್ಸ್’ ಎಂಬ ಆಯ್ಕೆಯ ಮೂಲಕ ಘಟನೆಯ ಹೆಸರು, ಬಳಕೆದಾರರ ಹೆಸರು, ಆಕ್ಸೆಸ್ ಕೀ, ಸಂಪನ್ಮೂಲದ ಹೆಸರು ಮುಂತಾದವುಗಳಲ್ಲಿ ಯಾವುದಾದರೂ ಒಂದನ್ನು ಕೊಡಬಹುದು. ಒಂದೇ ಸಲಕ್ಕೆ ಎರಡನ್ನು ಕೊಡಲು ಬರುವುದಿಲ್ಲ. ದಿನನಿತ್ಯದ ಪರಿಶೀಲನೆಗೆ ‘ರೀಡ್‌ಓನ್ಲಿ’ ಎಂಬ ಗುಣಕ್ಕೆ ‘ಫಾಲ್ಸ್’ ಎಂಬ ಬೆಲೆ ಕೊಟ್ಟು, ‘ಸ್ಟಾರ್ಟ್-ಟೈಮ್’ನಿಂದ ಅವಧಿಯನ್ನು ಹಿಂದಿನ 24 ಗಂಟೆಗಳಿಗೆ ಸೀಮಿತಗೊಳಿಸುವುದು ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಆರಂಭ, ಏಕೆಂದರೆ ಸುಮ್ಮನೆ ಓದಿಹೋದ ಸಾವಿರಾರು ಕರೆಗಳು (ಎಡಬ್ಲ್ಯೂಎಸ್‌ಗೆ ಬಂದ ಕೋರಿಕೆಗಳು) ಆಗ ಬದಿಗೆ ಸರಿದು, ಖಾತೆಯಲ್ಲಿ ಏನನ್ನಾದರೂ ಬದಲಾಯಿಸಿದ ಕರೆಗಳಷ್ಟೇ ಉಳಿಯುತ್ತವೆ. ಒಂದು ಪುಟದಲ್ಲಿ ಗರಿಷ್ಠ 50 ದಾಖಲೆಗಳು ಬರುತ್ತವೆ, ಸೆಕೆಂಡಿಗೆ ಎರಡು ಕರೆಗಳ ಮಿತಿಯೂ ಇದೆ. ಆದ್ದರಿಂದ ದೊಡ್ಡ ಅವಧಿಯನ್ನು ಒಮ್ಮೆಲೇ ಕೇಳಿದರೆ ಉತ್ತರ ನಿಧಾನವಾಗುತ್ತದೆ.

ಪ್ರತಿ ದಾಖಲೆಯ ತಿರುಳು ‘ಕ್ಲೌಡ್‌ಟ್ರೇಲ್‌ಇವೆಂಟ್’ ಎಂಬ ಭಾಗದಲ್ಲಿದೆ, ಮತ್ತು ಅದು ಜೇಸನ್ ಎಂಬ ಪಠ್ಯರೂಪದಲ್ಲಿರುವ ಮಾಹಿತಿಯೊಳಗೆ ಸಾಲಾಗಿ ಮಡಚಿಟ್ಟ ಇನ್ನೊಂದು ಜೇಸನ್. ಜೆಕ್ಯೂ ಎಂಬ ಸಣ್ಣ ಪ್ರೋಗ್ರಾಮಿಗೆ ಉತ್ತರವನ್ನು ಪೈಪ್ ಮಾಡಿ, ಅದರ ‘ಫ್ರಮ್‌ಜೇಸನ್’ ಫಂಕ್ಷನ್‌ನಿಂದ ಈ ಮಡಿಕೆಯನ್ನು ಬಿಡಿಸಿದರೆ ಐಪಿ ವಿಳಾಸ, ಬಳಸಿದ ಸಾಫ್ಟ್‌ವೇರ್, ದೋಷದ ಸಂಕೇತ ಎಲ್ಲವೂ ಕೈಗೆ ಸಿಗುತ್ತವೆ. ಅನುಮತಿ ನಿರಾಕರಿಸಲಾದ ಪ್ರಯತ್ನಗಳನ್ನು ಹುಡುಕಲು ಲುಕಪ್‌ನಲ್ಲಿ ನೇರ ದಾರಿಯಿಲ್ಲದ ಕಾರಣ ಆ ಸೋಸುವಿಕೆಯನ್ನೂ ಜೆಕ್ಯೂನಲ್ಲಿಯೇ ಮಾಡಬೇಕು. ಒಂದೇ ಕೀಯಿಂದ ಬೇರೆ ಬೇರೆ ಸೇವೆಗಳತ್ತ ಸಾಲುಸಾಲಾಗಿ ‘ಆಕ್ಸೆಸ್ ಡಿನೈಡ್’ ಬಂದಿದ್ದರೆ, ಕದ್ದ ಕೀಯೊಂದಕ್ಕೆ ಏನೇನು ಅಧಿಕಾರವಿದೆಯೆಂದು ಯಾರೋ ತಡಕಾಡುತ್ತಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಿ. ದಾಖಲೆಯ ಒಳಗಿನ ಸಮಯ ಯುಟಿಸಿಯಲ್ಲಿರುತ್ತದೆ. ಭಾರತೀಯ ಕಾಲಮಾನಕ್ಕೆ ಐದೂವರೆ ಗಂಟೆ ಸೇರಿಸಿ ಓದಬೇಕು.

ಹೆಚ್ಚಿನವರು ಎಡವುವುದು ರೀಜನ್, ಅಂದರೆ ಎಡಬ್ಲ್ಯೂಎಸ್ ತನ್ನ ಡೇಟಾ ಸೆಂಟರ್‌ಗಳನ್ನು ಇಟ್ಟಿರುವ ಪ್ರದೇಶದ ವಿಷಯದಲ್ಲಿ. ಲುಕಪ್ ಒಂದು ಸಲಕ್ಕೆ ಒಂದೇ ರೀಜನ್ನಿನ ದಾಖಲೆಗಳನ್ನು ಕೊಡುತ್ತದೆ. ನಿಮ್ಮ ಸರ್ವರ್‌ಗಳೆಲ್ಲ ಮುಂಬೈ ರೀಜನ್ನಿನಲ್ಲಿದ್ದು ನೀವು ಅದನ್ನಷ್ಟೇ ನೋಡುತ್ತಿದ್ದರೆ, ನೀವು ಎಂದೂ ಬಳಸದ ಯಾವುದೋ ರೀಜನ್ನಿನಲ್ಲಿ ಕ್ರಿಪ್ಟೊ ಮೈನಿಂಗ್‌ಗೆಂದು ಎಬ್ಬಿಸಿದ ಯಂತ್ರಗಳು ಕಣ್ಣಿಗೆ ಬೀಳುವುದೇ ಇಲ್ಲ. ‘ಎಡಬ್ಲ್ಯೂಎಸ್ ಇಸಿ2 ಡಿಸ್ಕ್ರೈಬ್-ರೀಜನ್ಸ್’ ಕೊಡುವ ಪಟ್ಟಿಯನ್ನು ಶೆಲ್ ಲೂಪ್‌ಗೆ ಒದಗಿಸಿ, ಪ್ರತಿ ರೀಜನ್ನಿನಲ್ಲಿಯೂ ‘ರನ್‌ಇನ್‌ಸ್ಟೆನ್ಸಸ್’ ಎಂಬ, ಹೊಸ ಸರ್ವರ್ ಎಬ್ಬಿಸಿದ ಘಟನೆಯನ್ನು ಹುಡುಕಿ. ಬಳಕೆದಾರರನ್ನೂ ಅನುಮತಿಗಳನ್ನೂ ನಿರ್ವಹಿಸುವ ಐಎಎಂ ಸೇವೆಯ ಘಟನೆಗಳು ಹಾಗೂ ರೂಟ್ ಬಳಕೆದಾರರ ಲಾಗಿನ್ ಮಾತ್ರ, ನೀವು ಎಲ್ಲಿಯೇ ಇದ್ದರೂ, ಉತ್ತರ ವರ್ಜೀನಿಯಾದ ಯುಎಸ್-ಈಸ್ಟ್-1ರಲ್ಲಿ ದಾಖಲಾಗುತ್ತವೆ.

ಹೆಸರು ಹಿಡಿದು ಹುಡುಕಬೇಕಾದ ಘಟನೆಗಳು ಕೆಲವಿವೆ. ‘ಕನ್ಸೋಲ್‌ಲಾಗಿನ್’ನಲ್ಲಿ ಲಾಗಿನ್ ಸಫಲವಾಯಿತೇ, ಎಂಎಫ್‌ಎ (ಪಾಸ್‌ವರ್ಡ್ ಜೊತೆಗಿನ ಎರಡನೇ ದೃಢೀಕರಣ) ಬಳಸಲಾಗಿತ್ತೇ ಎಂಬುದು ಕಾಣುತ್ತದೆ. ‘ಕ್ರಿಯೇಟ್‌ಯೂಸರ್’, ‘ಕ್ರಿಯೇಟ್‌ಆಕ್ಸೆಸ್‌ಕೀ’, ‘ಅಟ್ಯಾಚ್‌ಯೂಸರ್‌ಪಾಲಿಸಿ’ (ಹೊಸ ಬಳಕೆದಾರ, ಹೊಸ ಕೀ, ಬಳಕೆದಾರರಿಗೆ ಅನುಮತಿ) ಒಂದರ ಹಿಂದೊಂದು ಬಂದಿದ್ದರೆ, ಒಳಹೊಕ್ಕವರು ಮರಳಿ ಬರಲು ಬಾಗಿಲು ಮಾಡಿಕೊಂಡಿರಬಹುದು. ದಾಖಲಿಸುವುದನ್ನೇ ನಿಲ್ಲಿಸುವ ‘ಸ್ಟಾಪ್‌ಲಾಗಿಂಗ್’ ಮತ್ತು ‘ಡಿಲೀಟ್‌ಟ್ರೇಲ್’ ಕಂಡರಂತೂ, ನಿಮ್ಮ ತಂಡದವರೇ ಮಾಡಿದ್ದೆಂದು ಖಚಿತವಾಗುವವರೆಗೂ ಅದನ್ನು ದಾಳಿಯೆಂದೇ ಭಾವಿಸಿ.

ಕೀಯೊಂದು ಸೋರಿಹೋಗಿದೆಯೆಂಬ ಅನುಮಾನ ಬಂದರೆ ಮೊದಲು ‘ಅಪ್‌ಡೇಟ್-ಆಕ್ಸೆಸ್-ಕೀ’ಯಿಂದ ಅದನ್ನು ನಿಷ್ಕ್ರಿಯಗೊಳಿಸಿ, ಆಮೇಲೆ ಆ ಕೀಯ ಹೆಸರಿನಲ್ಲಿ ದಾಖಲೆಗಳನ್ನು ತೆಗೆಯಿರಿ. ಇಲ್ಲೊಂದು ಸೂಕ್ಷ್ಮವಿದೆ: ಆ ಕೀ ಬಳಸಿ ಯಾರಾದರೂ ‘ಅಸ್ಯೂಮ್‌ರೋಲ್’ ಮಾಡಿದ್ದರೆ (ಬೇರೊಂದು ಪಾತ್ರದ ಅನುಮತಿಗಳನ್ನು ತಾತ್ಕಾಲಿಕವಾಗಿ ಪಡೆದಿದ್ದರೆ), ನಂತರದ ಕೆಲಸಗಳು ಹೊಸ ತಾತ್ಕಾಲಿಕ ಕೀಯ ಹೆಸರಿನಲ್ಲಿರುತ್ತವೆ. ಆ ಹೊಸ ಕೀಯ ಗುರುತು ‘ಅಸ್ಯೂಮ್‌ರೋಲ್’ ದಾಖಲೆಯಲ್ಲಿ, ಎಡಬ್ಲ್ಯೂಎಸ್ ಕೊಟ್ಟ ಉತ್ತರವಿರುವ ಭಾಗದಲ್ಲಿರುತ್ತದೆ. ಅದನ್ನು ಹಿಡಿದು ಮತ್ತೆ ಹುಡುಕದಿದ್ದರೆ ಅರ್ಧ ಕಥೆಯಷ್ಟೇ ತಿಳಿಯುತ್ತದೆ. ವರ್ಷಗಟ್ಟಲೆ ಬಳಸದೆ ಉಳಿದ ಕೀಗಳನ್ನು ಪತ್ತೆಹಚ್ಚಲು ‘ಐಎಎಂ ಜನರೇಟ್-ಕ್ರೆಡೆನ್ಶಿಯಲ್-ರಿಪೋರ್ಟ್’ ಇದೆ. ಅದು ಸಿದ್ಧಪಡಿಸಿದ ವರದಿಯನ್ನು ‘ಗೆಟ್-ಕ್ರೆಡೆನ್ಶಿಯಲ್-ರಿಪೋರ್ಟ್’ನಿಂದ ತೆಗೆದಾಗ ಬೇಸ್64 ಎಂಬ ಸಂಕೇತರೂಪದಲ್ಲಿ ಬರುವುದರಿಂದ ಡಿಕೋಡ್ ಮಾಡಿ ಓದಬೇಕು.

90 ದಿನಗಳ ಮಿತಿ ಭಾರತದ ಸಂಸ್ಥೆಗಳಿಗೆ ಸಾಲದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಲಾಗ್‌ಗಳನ್ನು 180 ದಿನಗಳ ಕಾಲ ಕಾಪಾಡಬೇಕೆಂದೂ, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಹೇಳುತ್ತದೆ. ಇದಕ್ಕಾಗಿ ‘ಕ್ರಿಯೇಟ್-ಟ್ರೇಲ್’ ಕಮಾಂಡ್‌ನಿಂದ ಎಲ್ಲ ರೀಜನ್‌ಗಳನ್ನೂ ಒಳಗೊಂಡ ಟ್ರೇಲ್ ಒಂದನ್ನು ರಚಿಸಿ, ದಾಖಲೆಗಳು ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹ ಸೇವೆಯಾದ ಎಸ್3ಯ ಬಕೆಟ್‌ಗೆ ಹೋಗುವಂತೆ ಮಾಡಿ. ಹೀಗೆ ರಚಿಸಿದ ಟ್ರೇಲ್ ತಾನಾಗಿ ಶುರುವಾಗುವುದಿಲ್ಲ, ‘ಸ್ಟಾರ್ಟ್-ಲಾಗಿಂಗ್’ ಕೊಡಲೇಬೇಕು. ಲಾಗ್ ಫೈಲ್ ವ್ಯಾಲಿಡೇಶನ್ ಆಯ್ಕೆಯನ್ನು ಆಗಲೇ ಸೇರಿಸಿದ್ದರೆ, ಮುಂದೆ ಎಂದಾದರೂ ‘ವ್ಯಾಲಿಡೇಟ್-ಲಾಗ್ಸ್’ ಮೂಲಕ ಫೈಲ್‌ಗಳನ್ನು ಯಾರೂ ತಿದ್ದಿಲ್ಲ, ಅಳಿಸಿಲ್ಲ ಎಂಬುದನ್ನು ಪರೀಕ್ಷಿಸಬಹುದು. ಸಾಧ್ಯವಿದ್ದಲ್ಲಿ ಆ ಬಕೆಟ್ ಬೇರೆಯೇ ಖಾತೆಯಲ್ಲಿರಲಿ, ಆಗ ಮೊದಲ ಖಾತೆಯ ಅಧಿಕಾರ ಕದ್ದವರಿಗೆ ತಮ್ಮ ಹೆಜ್ಜೆಗುರುತನ್ನು ಅಳಿಸುವ ಅವಕಾಶ ಸಿಗುವುದಿಲ್ಲ.