ಕಷಾಯದ ಪುಡಿಯಿಂದ ನಾನು ತೆಗೆದುಹಾಕಿದ್ದು

ಮಳೆಗಾಲ ಬಂತೆಂದರೆ ಬಸವನಗುಡಿಯ ನಮ್ಮ ಮನೆಯಲ್ಲಿ ಒಬ್ಬರಾದರೂ ಜ್ವರ ಅಂತ ಮಲಗುತ್ತಾರೆ. ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವಳು. ಆದರೆ ಕಷಾಯದ ಪುಡಿ ಕಲಿತದ್ದು ಅಮ್ಮನ ಹತ್ತಿರ. ಒಂದು ಲೋಟ ಧನಿಯಾ, ಕಾಲು ಲೋಟ ಜೀರಿಗೆ, ಎರಡು ಚಮಚ ಕಾಳುಮೆಣಸು, ಹೆಬ್ಬೆರಳಷ್ಟು ಒಣಶುಂಠಿ, ನಾಲ್ಕು ಲವಂಗ. ಧನಿಯಾವನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬಣ್ಣ ತಿರುಗುವ ಮುಂಚೆ ಘಮ ಬಂದ ಕೂಡಲೇ ಇಳಿಸಬೇಕು. ಲವಂಗವನ್ನು ನಾನು ಹುರಿಯುವುದೇ ಇಲ್ಲ, ಅದರ ಎಣ್ಣೆಯಂಶ ಹಾರಿಹೋಗುತ್ತದೆ.

2020ರಲ್ಲಿ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಶುಂಠಿ, ಮೆಣಸಿನ ಕಷಾಯ ಕುಡಿಯಿರಿ ಎಂದಾಗ ನಾನೂ ಜಾಸ್ತಿ ಮಾಡಿದೆ. ಗಂಟಲಿಗೆ ಒಳ್ಳೆಯದು ಅಂತ ಗ್ರಂದಿಗೆ ಅಂಗಡಿಯಿಂದ ಜ್ಯೇಷ್ಠಮಧು, ಅಂದರೆ ಅತಿಮಧುರದ ಬೇರು ತಂದು ಅದನ್ನೂ ಸೇರಿಸಿದೆ. ದಿನಕ್ಕೆ ಮೂರು ಲೋಟ, ಮನೆಮಂದಿಗೆಲ್ಲ. ಮೂರನೇ ವಾರ ಅತ್ತೆ, "ಕಾಲುಂಗುರ ಬಿಗಿಯಾಗ್ತಿದೆ ಕಣೇ" ಎಂದರು. ಪಾದದ ಮೇಲೆ ಹೆಬ್ಬೆರಳಿಂದ ಒತ್ತಿದೆ, ಗುಳಿ ಹಾಗೇ ಉಳಿಯಿತು. ಅವರಿಗೆ ಮೊದಲೇ ಬಿಪಿ ಇದೆ, ಅವತ್ತು ನೋಡಿದರೆ 170 ದಾಟಿತ್ತು. ಕಷಾಯಕ್ಕೆ ಏನೇನು ಹಾಕುತ್ತೀರಿ ಎಂದು ಡಾಕ್ಟರು ಕೇಳಿದರು. ಜ್ಯೇಷ್ಠಮಧು ಅಂದ ಕೂಡಲೇ ಮೊದಲು ಅದನ್ನು ನಿಲ್ಲಿಸಿ ಎಂದರು. ಅದರ ಸಿಹಿ ಗ್ಲಿಸಿರೈಜಿನ್ ಎಂಬ ಅಂಶದ್ದು. ಅದು ದೇಹದಲ್ಲಿ ಉಪ್ಪು, ನೀರು ನಿಲ್ಲಿಸಿ ಪೊಟ್ಯಾಸಿಯಂ ಹೊರಗೆ ಹಾಕಿಸುತ್ತದೆ. ಇದು ನಾನೇ ಪಾಠ ಮಾಡುವ ವಿಷಯ. ಅತ್ತೆಯ ಲೋಟದ ಮುಂದೆ ನೆನಪಾಗಲಿಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಆಮೇಲೆ ಕಷಾಯದ ಪ್ರತಿ ಸಾಮಾನಿನ, ಹಾಲಿಗೆ ಹಾಕುವ ಅರಿಶಿನದ ಅಳತೆಯನ್ನೂ ಕೂತು ಲೆಕ್ಕ ಹಾಕಿದೆ. ಅರಿಶಿನದಲ್ಲಿ ಎಲ್ಲರೂ ಹೊಗಳುವ ಕರ್ಕ್ಯುಮಿನ್ ಎಂಬ ಅಂಶ ಇರುವುದು ಸುಮಾರು ನೂರಕ್ಕೆ ಮೂರು ಪಾಲು, ಅದೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ ತೋರಿಸಿದ್ದರು, 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚುತ್ತದೆ ಅಂತ. 20 ಮಿಲಿಗ್ರಾಂ ಪೈಪರಿನ್‌ಗೆ ಹತ್ತು ಮೆಣಸಿನ ಕಾಳು ಸಾಕು. ಆದರೆ 2 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ ಅರವತ್ತು ಗ್ರಾಂಗೂ ಹೆಚ್ಚು ಅರಿಶಿನ ನುಂಗಬೇಕು! ನಾವು ಹಾಲಿಗೆ ಹಾಕುವುದು ಅರ್ಧ ಚಮಚ. ಹಾಗಾಗಿ ಪ್ರಯೋಗಾಲಯದಲ್ಲಿ ಕರ್ಕ್ಯುಮಿನ್, ಶುಂಠಿಯ ಜಿಂಜರಾಲ್ ಉರಿಯೂತ ತಗ್ಗಿಸಿದವು ಎಂದ ಮಾತ್ರಕ್ಕೆ ಒಂದು ಲೋಟ ಕಷಾಯ ವೈರಸ್ಸನ್ನು ಓಡಿಸುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಗಂಟಲು ಹಗುರಾಗುತ್ತದೆ, ಕಟ್ಟಿದ ಮೂಗು ಬಿಡುತ್ತದೆ, ಊಟ ಸೇರದವರ ಹೊಟ್ಟೆಗೆ ಒಂದಿಷ್ಟು ಬೆಚ್ಚನೆ ನೀರು ಹೋಗುತ್ತದೆ. ಜ್ವರದಲ್ಲಿ ಅದು ಸಣ್ಣ ವಿಷಯ ಅಲ್ಲ, ಅಲ್ವಾ?

ಅದೇ ಪೈಪರಿನ್ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಮಾತ್ರೆಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಅಂಥವರು, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ದಿನಾ ಕುಡಿಯಬೇಡಿ. ಅರಿಶಿನ, ಮೆಣಸಿನ ಸಾರ ಸೇರಿಸಿದ ಕ್ಯಾಪ್ಸೂಲ್‌ಗಳನ್ನಂತೂ ನಾನು ಮನೆಗೇ ತರುವುದಿಲ್ಲ. ಅವುಗಳಿಂದ ಲಿವರ್‌ಗೆ ಪೆಟ್ಟು ಬಿದ್ದವರಿದ್ದಾರೆ.

ಈಗ ನಮ್ಮಲ್ಲಿ ದೊಡ್ಡವರಿಗೆ ಒಂದು ಲೋಟ ನೀರಿಗೆ ಮುಕ್ಕಾಲು ಚಮಚ ಪುಡಿ, ಐದು ನಿಮಿಷ ಕುದಿ, ಚೂರು ಬೆಲ್ಲ, ಕೊನೆಗೆ ಹಾಲು. ದಿನಕ್ಕೆ ಎರಡೇ ಸಲ, ಅದೂ ನಾಲ್ಕೈದು ದಿನ. ಹೊಟ್ಟೆ ಉರಿದರೆ ಅವತ್ತೇ ಬಂದ್. ಊರಲ್ಲಿ ಡೆಂಗಿ ಇರುವಾಗ ಜ್ವರ ಎರಡನೇ ದಿನಕ್ಕೂ ಇಳಿಯದಿದ್ದರೆ ಡೆಂಗಿ ಪತ್ತೆ ಮಾಡುವ ಎನ್‌ಎಸ್1 ರಕ್ತ ಪರೀಕ್ಷೆ ಮಾಡಿಸುತ್ತೇನೆ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್, ಆಸ್ಪಿರಿನ್ ಮುಟ್ಟುವುದಿಲ್ಲ, ಡೆಂಗಿಯಾಗಿದ್ದರೆ ರಕ್ತಸ್ರಾವದ ಭಯ.

ಹೋದ ವಾರ ಹೊಸ ಪುಡಿ ಮಾಡಿದೆ. ಅತ್ತೆ ಡಬ್ಬಿ ಮುಚ್ಚಳ ತೆಗೆದು ಮೂಸಿ, "ಜ್ಯೇಷ್ಠಮಧು ಇಲ್ಲ ತಾನೇ?" ಎಂದು ಕೇಳಿಯೇ ಒಳಗಿಟ್ಟರು.